ಕಂಪನಿ ಕೊಟ್ಟ ವಿಳಾಸವೋ, ನಮ್ಮದೇ ಡೊಮೈನೋ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಮಾವನವರ ಕಾಲದಿಂದ ಆಲೆಮನೆ ನಡೆಸುತ್ತಿದ್ದೇವೆ. ಈಚೆಗೆ ರಾಸಾಯನಿಕ ಬಳಸದ ಅಚ್ಚುಬೆಲ್ಲ, ಪುಡಿಬೆಲ್ಲ ಮಾಡಿ ವಾಟ್ಸ್‌ಆ್ಯಪ್ ಮೂಲಕವೇ ಬೆಂಗಳೂರು, ಮೈಸೂರಿನ ಮನೆಗಳಿಗೆ ಕಳಿಸುತ್ತಿದ್ದೇವೆ. ಈಗ ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಕಂಪನಿಯೊಂದರಲ್ಲಿ ಖಾತೆ ತೆರೆದಿದ್ದೇವೆ. ತಮ್ಮ ಹೆಸರಿನ ಮುಂದೆ ನಮ್ಮ ಹೆಸರು ಸೇರಿಸಿ ಒಂದು ವಿಳಾಸವನ್ನು ಉಚಿತವಾಗಿ ಕೊಟ್ಟಿದ್ದಾರೆ. ನಮ್ಮದೇ ಡೊಮೈನ್ ಜೋಡಿಸಬೇಕಾದರೆ ತಿಂಗಳ ಶುಲ್ಕದ ಯೋಜನೆಗೆ ಸೇರಬೇಕಂತೆ. ಮೈದುನ, ‘ಕಂಪನಿಯ ಸಹವಾಸವೇ ಬೇಡ ಅತ್ತಿಗೆ, ಸ್ವಂತ ವೆಬ್‌ಸೈಟ್ ಮಾಡಿಸೋಣ’ ಎನ್ನುತ್ತಾನೆ. ಮೈಸೂರಿನ ಒಬ್ಬರು ಅದಕ್ಕೆ ಇಪ್ಪತ್ತೈದು ಸಾವಿರ ಕೇಳಿದ್ದಾರೆ. ನಮ್ಮ ಯಜಮಾನರು, ‘ದೊಡ್ಡ ಕಂಪನಿಯ ಹೆಸರಿದ್ದರೆ ಗೂಗಲ್‌ನಲ್ಲಿ ಬೇಗ ಮೇಲೆ ಬರುತ್ತೇವೆ’ ಎನ್ನುತ್ತಾರೆ. ಮುಂದಿನ ವಾರ ಪೊಟ್ಟಣದ ಐದು ಸಾವಿರ ಲೇಬಲ್ ಮುದ್ರಣಕ್ಕೆ ಹೋಗಬೇಕು. ಯಾವ ವಿಳಾಸ ಹಾಕಿಸಲಿ?

ಉತ್ತರ: ಲೇಬಲ್ ಮುದ್ರಣಕ್ಕೆ ಹೋಗುವ ಮೊದಲೇ ನಿಮ್ಮದೇ ಡೊಮೈನ್ ಕೊಳ್ಳಿ, ಲೇಬಲ್ ಮೇಲೆ ಅದನ್ನು ಮಾತ್ರ ಹಾಕಿಸಿ. ಅಂಗಡಿ ಮಾತ್ರ ಈಗಿರುವ ಕಂಪನಿಯಲ್ಲೇ ಇರಲಿ. ಇಪ್ಪತ್ತೈದು ಸಾವಿರವನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಈ ಮೂರೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನಿಮಗೆ ಅನಿಸಬಹುದು, ಏಕೆಂದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಒಂದೇ ಆಗಿ ಕಲಸಿಹೋಗಿವೆ. ಡೊಮೈನ್ ಎಂದರೆ ಹೆಸರು. ವೆಬ್‌ಸೈಟ್ ಎಂದರೆ ಆ ಹೆಸರು ಕರೆದುಕೊಂಡು ಹೋಗುವ ಜಾಗ. ಹೆಸರು ನಿಮ್ಮದಾಗಿದ್ದು ಜಾಗ ಬೇರೆಯವರದ್ದಾಗಿರಬಹುದು. ಚಿಕ್ಕ ವ್ಯಾಪಾರಿಗಳಲ್ಲಿ ಹೆಚ್ಚಿನವರಿಗೆ ಒಗ್ಗುವುದೂ ಅದೇ ಏರ್ಪಾಡು. ‘ಕಂಪನಿಯ ವಿಳಾಸ’ ಅಥವಾ ‘ಸ್ವಂತ ವೆಬ್‌ಸೈಟ್’ ಎಂಬ ಎರಡೇ ದಾರಿಗಳಿವೆ ಎಂದುಕೊಂಡರೆ ಮೈದುನನೂ ಸರಿ, ಯಜಮಾನರೂ ಸರಿ, ಜಗಳ ಮುಗಿಯುವುದಿಲ್ಲ.

ವೆಬ್ ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ನಿಮ್ಮ ಜಿಲ್ಲೆಯ ಅಧಿಕೃತ ತಾಣವನ್ನೇ ನೋಡಿ: ಮಂಡ್ಯ ಡಾಟ್ ಎನ್‌ಐಸಿ ಡಾಟ್ ಇನ್. ಬಲತುದಿಯ ‘ಇನ್’ ಭಾರತದ ವಿಭಾಗ. ಅದರೊಳಗೆ ‘ಎನ್‌ಐಸಿ’ ಎಂಬ ಹೆಸರು ಕೇಂದ್ರ ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನದು. ಆ ಸಂಸ್ಥೆ ತನ್ನ ಹೆಸರಿನೊಳಗೆ ‘ಮಂಡ್ಯ’ ಎಂದು ಒಂದು ಭಾಗ ಮಾಡಿ ಕೊಟ್ಟಿದೆ. ಅದು ಸಬ್‌ಡೊಮೈನ್. ಅದನ್ನು ಕೊಡುವ, ಬದಲಿಸುವ, ಮುಚ್ಚುವ ಅಧಿಕಾರವೆಲ್ಲ ನಡುವಿನ ಹೆಸರಿನ ಒಡೆಯರದು. ಜಿಲ್ಲಾಡಳಿತಕ್ಕೆ ಇದರಿಂದ ತೊಂದರೆಯಿಲ್ಲ, ಲಾಭವೇ ಇದೆ: ಆ ನಡುವಿನ ಹೆಸರು ಕಂಡಾಗಲೇ ಜನ ಇದು ಸರ್ಕಾರದ್ದು ಎಂದು ನಂಬುತ್ತಾರೆ. ನಿಮಗೆ ಅಂಗಡಿ ಕೊಟ್ಟ ಕಂಪನಿಯ ಹೆಸರು ಬೆಲ್ಲದ ಬಗ್ಗೆ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅದೇ ಹೆಸರಿನಡಿ ಮೊಬೈಲ್ ಕವರ್ ಮಾರುವವರೂ ಇದ್ದಾರೆ, ಮೋಸದ ಅಂಗಡಿ ತೆರೆದವರೂ ಇರಬಹುದು.

ಮಂಡಿಗೆ ಬೆಲ್ಲ ಹಾಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ನಿಮ್ಮ ಬೆಲ್ಲದ ಬಣ್ಣ, ಗಡಸು ನೋಡಿ ಹರಾಜು ಕೂಗುತ್ತಾರೆ, ಬೆಲೆಯೂ ಸಿಗುತ್ತದೆ. ಆದರೆ ತಿಂದವನಿಗೆ ಅದು ಯಾವ ಆಲೆಮನೆಯದೆಂದು ತಿಳಿಯುವುದಿಲ್ಲ, ಇನ್ನೊಮ್ಮೆ ಬೇಕೆನಿಸಿದರೆ ಅವನು ಹೋಗುವುದು ಮಂಡಿಯ ವ್ಯಾಪಾರಿಯ ಬಳಿಗೆ. ನೀವು ಮನೆಮನೆಗೆ ಮಾರಲು ಹೊರಟಿದ್ದೇ ಇದನ್ನು ಬದಲಿಸಲಿಕ್ಕೆ. ಕಂಪನಿಯ ವಿಳಾಸವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಹಳೆಯ ಏರ್ಪಾಡೇ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಕಂಪನಿ ದೊಡ್ಡದು, ಅದಕ್ಕೇನಾಗುತ್ತದೆ ಎನ್ನುತ್ತೀರೇನೋ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಮುಳುಗುವುದಿಲ್ಲ, ನಿಜ. ಆದರೆ ಲಾಭವಿಲ್ಲದ ವಿಭಾಗವನ್ನು ಮುಚ್ಚಲು ಅವು ಹಿಂದೆಮುಂದೆ ನೋಡುವುದಿಲ್ಲ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆಗೆ ಚಿಕ್ಕ ಅಂಗಡಿಗಳಿಗೆ ಉಚಿತ ವೆಬ್‌ಸೈಟ್ ಕೊಡುತ್ತಿತ್ತು. ವಿಳಾಸದ ಕೊನೆಯಲ್ಲಿ ‘ಬಿಸಿನೆಸ್ ಡಾಟ್ ಸೈಟ್’ ಎಂದಿರುತ್ತಿತ್ತು. ಮೈಸೂರಿನ ಎಷ್ಟೋ ಚಿಕ್ಕ ಅಂಗಡಿ, ಹೋಂಸ್ಟೇಗಳವರು ಅದನ್ನೇ ವಿಸಿಟಿಂಗ್ ಕಾರ್ಡಿನಲ್ಲೂ ನಾಮಫಲಕದಲ್ಲೂ ಹಾಕಿಸಿಕೊಂಡಿದ್ದರು. 2024ರ ಮಾರ್ಚಿನಲ್ಲಿ ಆ ಸೈಟುಗಳೆಲ್ಲ ಒಟ್ಟಿಗೆ ನಿಂತವು. ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದವರನ್ನು ಗೂಗಲ್‌ನ ಪ್ರೊಫೈಲ್ ಪುಟಕ್ಕೆ ಕಳಿಸುತ್ತಿದ್ದರು, ಆಮೇಲೆ ಅದೂ ಇಲ್ಲ. ಅದೇ ಸೈಟಿಗೆ ತಮ್ಮದೇ ಡೊಮೈನ್ ಜೋಡಿಸಿಕೊಂಡಿದ್ದವರು ಡೊಮೈನನ್ನು ಬೇರೆ ಕಡೆಗೆ ತಿರುಗಿಸಿ ಸುಮ್ಮನಾದರು. ಉಳಿದವರಿಗೆ ನಾಮಫಲಕ ಬದಲಿಸುವ ಖರ್ಚು. ಇದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ, ಯಾಹೂ ಜನರಿಗೆ ಉಚಿತ ವೆಬ್‌ಪುಟ ಕೊಡುತ್ತಿದ್ದ ತನ್ನ ಜಿಯೋಸಿಟೀಸ್ ಸೇವೆ ಮುಚ್ಚಿದಾಗಲೂ ನಡೆದದ್ದು ಇದೇ.

ಇನ್ನೊಂದು ಪ್ರಕರಣ ನಮ್ಮ ದೇಶಕ್ಕೇ ಸೇರಿದ್ದು. ಗೂಗಲ್‌ನ ಬ್ಲಾಗರ್ ಸೇವೆ ಕೆಲವು ವರ್ಷ ಭಾರತದ ಓದುಗರಿಗೆ ಬ್ಲಾಗುಗಳನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂಬ ಕೊನೆಯಿರುವ ವಿಳಾಸದಲ್ಲಿ ತೋರಿಸುತ್ತಿತ್ತು. ಕನ್ನಡದ ಬ್ಲಾಗಿಗರೂ ಆ ವಿಳಾಸವನ್ನೇ ಹಂಚಿಕೊಳ್ಳುತ್ತಿದ್ದರು. 2020ರಲ್ಲಿ ಆ ಡೊಮೈನ್ ನವೀಕರಣವಾಗದೆ ಬೇರೆಯವರ ಪಾಲಾಯಿತು. ಗೂಗಲ್‌ನಂಥ ಕಂಪನಿಯೇ ತನ್ನ ಒಂದು ಹೆಸರನ್ನು ಕಳೆದುಕೊಂಡಿತು. ಅದರಡಿ ಇದ್ದ ಕೊಂಡಿಗಳೆಲ್ಲ ಒಂದೇ ಏಟಿಗೆ ಸತ್ತವು. ಬ್ಲಾಗಿಗರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಅಕ್ಕಪಕ್ಕದವರ ತಪ್ಪಿಗೂ ನೀವು ದಂಡ ತೆರಬೇಕಾಗಬಹುದು. 2014ರ ಡಿಸೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಭದ್ರತೆಯ ಕಾರಣ ಕೊಟ್ಟು 32 ತಾಣಗಳನ್ನು ತಡೆಯಲು ಆದೇಶಿಸಿತ್ತು. ಆ ಪಟ್ಟಿಯಲ್ಲಿ ವಿಡಿಯೊ ತಾಣ ವಿಮಿಯೋ ಇತ್ತು, ಜೊತೆಗೆ ಚಿಕ್ಕ ವ್ಯಾಪಾರಿಗಳಿಗೆ ಉಚಿತ ಸಬ್‌ಡೊಮೈನ್ ಕೊಡುತ್ತಿದ್ದ ವೀಬ್ಲಿಯೂ ಇತ್ತು. ಎಲ್ಲೋ ಯಾರೋ ಹಾಕಿದ ಪುಟಕ್ಕಾಗಿ, ಆ ಹೆಸರಿನಡಿ ಅಂಗಡಿ ಇಟ್ಟಿದ್ದವರೆಲ್ಲರ ಬಾಗಿಲೂ ಮುಚ್ಚುವ ಅಪಾಯ ಬಂತು. ವೀಬ್ಲಿಯ ಮೇಲಿನ ತಡೆಯನ್ನು ಕೆಲವೇ ದಿನಗಳಲ್ಲಿ ತೆಗೆದರು. ಆದರೆ ಸಂಕ್ರಾಂತಿಗೆ ಎರಡು ವಾರ ಇರುವಾಗ ನಿಮ್ಮ ಅಂಗಡಿ ಹಾಗೆ ಮುಚ್ಚಿದ್ದರೆ? ಎಳ್ಳುಬೆಲ್ಲದ ಬೇಡಿಕೆ ಬರುವ ಹೊತ್ತು ಅದು.

ಇನ್ನು ಯಜಮಾನರ ಮಾತಿಗೆ ಬರೋಣ. ದೊಡ್ಡ ಕಂಪನಿಯ ನೆರಳಿನಲ್ಲಿದ್ದರೆ ಗೂಗಲ್ ನಿಮ್ಮನ್ನೂ ಮೇಲೆತ್ತುತ್ತದೆ ಎಂಬುದು ಬಹಳ ಜನರ ನಂಬಿಕೆ, ಮಾರಾಟ ಪ್ರತಿನಿಧಿಗಳು ಅದನ್ನು ಅಲ್ಲಗಳೆಯುವುದೂ ಇಲ್ಲ. ಸಾವಿರಾರು ಬೇರೆ ಬೇರೆ ಜನರಿಗೆ ಸಬ್‌ಡೊಮೈನ್ ಹಂಚುವ ತಾಣಗಳಲ್ಲಿ ಪ್ರತಿಯೊಂದು ಸಬ್‌ಡೊಮೈನನ್ನೂ ಹುಡುಕುಯಂತ್ರಗಳು ಹೆಚ್ಚುಕಡಿಮೆ ಪ್ರತ್ಯೇಕ ತಾಣವಾಗಿಯೇ ನೋಡುತ್ತವೆ. ಕಂಪನಿಯ ಮುಖಪುಟ ಗಳಿಸಿದ ಹೆಸರು ನಿಮ್ಮ ಬೆಲ್ಲದ ಪುಟಕ್ಕೆ ಹರಿದು ಬರುವುದಿಲ್ಲ. ನೀವು ಮೇಲೆ ಬರುವುದು ನಿಮ್ಮ ಪುಟದಲ್ಲಿ ಹುರುಳಿದ್ದರೆ, ಬೇರೆಯವರು ನಿಮ್ಮ ಪುಟಕ್ಕೆ ಕೊಂಡಿ ಕೊಟ್ಟರೆ. ಆ ಕೊಂಡಿಗಳು ಯಾವ ಹೆಸರಿಗೆ ಬಿದ್ದಿವೆ ಎಂಬುದೇ ಮುಖ್ಯ. ಮೂರು ವರ್ಷ ದುಡಿದು ಸಬ್‌ಡೊಮೈನಿಗೆ ನೂರು ಕೊಂಡಿ ಗಳಿಸಿ, ಆಮೇಲೆ ಕಂಪನಿ ಬಿಟ್ಟರೆ ಆ ನೂರೂ ಅಲ್ಲೇ ಉಳಿಯುತ್ತವೆ. ಡೊಮೈನ್ ಕೊಂಡ ಮಾತ್ರಕ್ಕೆ ಮೇಲೆ ಬರುತ್ತೀರಿ ಎಂದೂ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಂದ ದೂರವಿರಿ.

ಹಾಗಾದರೆ ಸಬ್‌ಡೊಮೈನ್ ಯಾರಿಗೂ ಬೇಡವೇ? ಬೇಕು. ವಿಮಾ ಏಜೆಂಟರಿಗೆ ಕಂಪನಿ ತನ್ನದೇ ತಾಣದೊಳಗೆ ಪುಟ ಕೊಟ್ಟರೆ ನಾನು ಅದನ್ನೇ ಬಳಸಿ ಎನ್ನುತ್ತೇನೆ. ಗ್ರಾಹಕ ಹಣ ಕಟ್ಟುವುದು ಕಂಪನಿಯ ಹೆಸರನ್ನು ನಂಬಿ, ಮೇಲಾಗಿ ಏಜೆಂಟರು ಹಾಕುವ ಜಾಹೀರಾತಿಗೆ ವಿಮಾ ಕಂಪನಿಯ ಒಪ್ಪಿಗೆ ಬೇಕು ಎಂಬ ನಿಯಮವೂ ಇದೆ. ಮದುವೆಯ ಕರೆಯೋಲೆ, ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟ, ಒಂದು ತಿಂಗಳ ಬೇಸಿಗೆ ಶಿಬಿರ, ಇವಕ್ಕೆಲ್ಲ ಡೊಮೈನ್ ಕೊಳ್ಳುವುದು ದುಂದು. ವಸ್ತು ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವವರಿಗೂ ಮೊದಲ ಕೆಲವು ತಿಂಗಳು ಉಚಿತ ವಿಳಾಸ ಸಾಕು. ನೀವು ಆ ಹಂತ ದಾಟಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲೇ ಮತ್ತೆ ಮತ್ತೆ ಕೊಳ್ಳುವ ಮನೆಗಳು ನಿಮಗಿವೆ.

ಈಗ ಹಣದ ಮಾತು. ‘ಡಾಟ್ ಇನ್’ ಹೆಸರು ವರ್ಷಕ್ಕೆ ಸುಮಾರು ಐದುನೂರರಿಂದ ಎಂಟುನೂರು ರೂಪಾಯಿ, ‘ಡಾಟ್ ಕಾಮ್’ ಸಾವಿರ ಅಥವಾ ಅದಕ್ಕೂ ಹೆಚ್ಚು, ಮೇಲೆ ಶೇ 18 ಜಿಎಸ್‌ಟಿ. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದನ್ನು ಬಿಟ್ಟು, ನವೀಕರಣದ ದರ ಎಷ್ಟು ಎಂದು ಹುಡುಕಿ ಓದಿ. ನೀವು ಬಾಳುವುದು ಆ ದರದ ಜೊತೆಗೆ. ಒಮ್ಮೆಗೆ ಹತ್ತು ವರ್ಷದವರೆಗೆ ಕಟ್ಟಬಹುದು. ನಾನು ಐದು ವರ್ಷ ಕಟ್ಟಿ ಎನ್ನುತ್ತೇನೆ, ಕಾರಣ ಸ್ವಲ್ಪ ಕೆಳಗೆ ಬರುತ್ತದೆ. ಕಂಪನಿಗಳು ‘ಯೋಜನೆ ಕೊಂಡರೆ ಮೊದಲ ವರ್ಷ ಡೊಮೈನ್ ಉಚಿತ’ ಎನ್ನುವುದೂ ಉಂಟು. ಕೆಟ್ಟದ್ದೇನಲ್ಲ, ಆದರೆ ಅದು ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ, ಬೇರೆ ಕಡೆಗೆ ವರ್ಗಾಯಿಸಲು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ. ಡೊಮೈನನ್ನು ಒಂದು ಕಡೆ, ಅಂಗಡಿಯನ್ನು ಇನ್ನೊಂದು ಕಡೆ ಇಡುವುದು ನನ್ನ ರೂಢಿ. ಒಬ್ಬರ ಜೊತೆ ಮನಸ್ತಾಪವಾದರೆ ಎರಡೂ ಸಿಕ್ಕಿಹಾಕಿಕೊಳ್ಳಬಾರದು.

ತಿಂಗಳ ಶುಲ್ಕದ ಯೋಜನೆಗೆ ಈಗಲೇ ಸೇರುವ ಮನಸ್ಸಿಲ್ಲವೇ? ಅದಕ್ಕೂ ದಾರಿಯಿದೆ. ಡೊಮೈನ್ ಮಾರುವ ಬಹುತೇಕ ರಿಜಿಸ್ಟ್ರಾರ್‌ಗಳು ‘ಫಾರ್ವರ್ಡಿಂಗ್’ ಸೌಲಭ್ಯವನ್ನು ಬೇರೆ ಹಣವಿಲ್ಲದೆ ಕೊಡುತ್ತಾರೆ. ಗ್ರಾಹಕ ನಿಮ್ಮ ಹೆಸರನ್ನು ಟೈಪ್ ಮಾಡಿದರೆ ಅದು ಕಂಪನಿ ಕೊಟ್ಟ ಉಚಿತ ವಿಳಾಸಕ್ಕೆ ಕಳಿಸುತ್ತದೆ. ಆಗ ಬ್ರೌಸರಿನ ಮೇಲ್ತುದಿಯ ವಿಳಾಸದ ಜಾಗದಲ್ಲಿ ಕಂಪನಿಯ ಹೆಸರು ಕಾಣುತ್ತದೆ, ಕಾಣಲಿ ಬಿಡಿ. ಲೇಬಲ್ ಮೇಲೆ, ಬಾಯಿಮಾತಿನಲ್ಲಿ ಓಡಾಡುವುದು ನಿಮ್ಮ ಹೆಸರು. ನಾಳೆ ವ್ಯಾಪಾರ ಕುದುರಿ ಶುಲ್ಕದ ಯೋಜನೆಗೆ ಸೇರಿದಾಗ ಅದೇ ಹೆಸರನ್ನು ನೇರವಾಗಿ ಅಂಗಡಿಗೆ ಜೋಡಿಸಿದರಾಯಿತು, ಒಂದು ಲೇಬಲ್ಲೂ ವ್ಯರ್ಥವಾಗುವುದಿಲ್ಲ. ಫಾರ್ವರ್ಡಿಂಗ್ ಇಡುವಾಗ 301, 302 ಎಂದು ಎರಡು ಆಯ್ಕೆ ಕೇಳುತ್ತದೆ. 301 ಎಂದರೆ ಶಾಶ್ವತ, ಬ್ರೌಸರ್‌ಗಳು ಅದನ್ನು ನೆನಪಿಟ್ಟುಕೊಂಡುಬಿಡುತ್ತವೆ. ನಿಮ್ಮದು ತಾತ್ಕಾಲಿಕ ಏರ್ಪಾಡಾದ್ದರಿಂದ 302 ಆರಿಸಿ. ಆಮೇಲೆ ಮೊಬೈಲ್‌ನಲ್ಲಿ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಸೇರಿಸಿ ಒಮ್ಮೆ ತೆರೆದು ನೋಡಿ. ಕೆಲವು ರಿಜಿಸ್ಟ್ರಾರ್‌ಗಳ ಫಾರ್ವರ್ಡಿಂಗ್ ಸುರಕ್ಷಿತ ಸಂಪರ್ಕದಲ್ಲಿ ಕೆಲಸ ಮಾಡದೆ ಕೆಂಪು ಎಚ್ಚರಿಕೆಯ ಪುಟ ತೋರಿಸುತ್ತದೆ. ಅದನ್ನು ಕಂಡ ಗ್ರಾಹಕ ಮತ್ತೆ ಬರುವುದಿಲ್ಲ. ಹಾಗಾದರೆ ರಿಜಿಸ್ಟ್ರಾರ್ ಬದಲಿಸಬೇಕು, ಇಲ್ಲವೇ ಯೋಜನೆಗೆ ಸೇರಬೇಕು.

ನೇರವಾಗಿ ಜೋಡಿಸುವ ದಿನ ಬಂದಾಗ ಹೆದರಬೇಡಿ. ಕಂಪನಿ ನಿಮಗೆ ಸಾಮಾನ್ಯವಾಗಿ ಎರಡು ಸಾಲು ಕೊಡುತ್ತದೆ: ಬರಿಯ ಹೆಸರಿಗೆ ‘ಎ’ ರೆಕಾರ್ಡ್ ಎಂದು ಅಂಕೆಗಳ ಒಂದು ವಿಳಾಸ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರಿದ ಹೆಸರಿಗೆ ‘ಸಿನೇಮ್’ ಎಂದು ಇನ್ನೊಂದು ಹೆಸರು. ಡೊಮೈನ್ ಖಾತೆಯ ಡಿಎನ್‌ಎಸ್ ಪುಟದಲ್ಲಿ (ಹೆಸರು ಯಾವ ಜಾಗಕ್ಕೆ ಹೋಗಬೇಕೆಂದು ಬರೆದಿಡುವ ಪುಟ) ಇವನ್ನು ಅಕ್ಷರ ತಪ್ಪದೆ ಅಂಟಿಸಿ ಉಳಿಸಬೇಕು, ಅಷ್ಟೆ. ಬದಲಾವಣೆ ಎಲ್ಲ ಕಡೆ ಹರಡಲು ಕೆಲವು ಗಂಟೆ ಹಿಡಿಯಬಹುದು, ಒಮ್ಮೊಮ್ಮೆ ಒಂದೆರಡು ದಿನವೂ ಆಗಬಹುದು. ಹಾಗಾಗಿ ಹಬ್ಬದ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಮೈದುನನೇ ಮಾಡಬಲ್ಲ. ಇದಕ್ಕಾಗಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ನಗುತ್ತಾ ಎದ್ದು ಬನ್ನಿ.

ಮೈಸೂರಿನ ಆ ಇಪ್ಪತ್ತೈದು ಸಾವಿರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರು ಒಳ್ಳೆಯವರೇ ಇರಬಹುದು. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ನನ್ನ ಬಳಿಗೆ ಬರುವ ಡೊಮೈನ್ ಗೋಳಿನಲ್ಲಿ ದೊಡ್ಡ ಪಾಲು ಸಬ್‌ಡೊಮೈನಿನದಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೈನನ್ನು ತಮ್ಮದೇ ಖಾತೆಯಲ್ಲಿ, ತಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿದ್ದು. ಮೈಸೂರಿನ ಒಂದು ಹೋಂಸ್ಟೇಯವರಿಗೆ ಆದದ್ದು ಹೀಗೆ: ವರ್ಷವರ್ಷ ಹಣ ಕೊಟ್ಟಿದ್ದರು, ರಸೀದಿಯೂ ಇತ್ತು, ‘ಡೊಮೈನ್ ಮತ್ತು ಹೋಸ್ಟಿಂಗ್’ ಎಂದು ಅದರಲ್ಲಿ ಬರೆದೂ ಇತ್ತು. ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದ, ಫೋನ್ ಎತ್ತಲಿಲ್ಲ, ಹೆಸರಿನ ಅವಧಿ ಮುಗಿಯಿತು. ದಸರಾ ಬುಕಿಂಗ್ ಹೊತ್ತಿಗೆ ಅವರ ವಿಳಾಸದಲ್ಲಿ ಯಾರದೋ ಜಾಹೀರಾತು ಕುಳಿತಿತ್ತು. ಸ್ವಂತ ಡೊಮೈನ್ ಇದೆ ಎಂದೇ ಅವರು ಅಷ್ಟು ವರ್ಷ ನಂಬಿದ್ದರು. ಕಂಪನಿಯ ಸಬ್‌ಡೊಮೈನಿನಲ್ಲಿ ಇದ್ದಿದ್ದರೆ ಕನಿಷ್ಠ ದೂರು ಕೊಡಲು ಒಂದು ಸಹಾಯವಾಣಿಯಾದರೂ ಇರುತ್ತಿತ್ತು.

ಆದ್ದರಿಂದ ಡೊಮೈನನ್ನು ನೀವೇ, ನಿಮ್ಮ ಮೊಬೈಲ್ ಸಂಖ್ಯೆಯಿಂದಲೇ ಕೊಳ್ಳಿ. ‘ರಿಜಿಸ್ಟ್ರಂಟ್’ (ಡೊಮೈನಿನ ಒಡೆಯರು) ಎಂಬ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರು ಇರಲಿ. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಆಹಾರ ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರದ್ದೇ ಇದ್ದರೆ ಮುಂದೆ ತಕರಾರಿಲ್ಲ. ಇಮೇಲ್ ಎಂದೂ ಬಿಡದ ಖಾತೆಯಾಗಿರಬೇಕು. ಅದೇ ಡೊಮೈನಿನ ಮೇಲ್ ವಿಳಾಸವನ್ನು ಅಲ್ಲಿ ಕೊಡಬೇಡಿ, ಡೊಮೈನ್ ನಿಂತರೆ ಆ ಮೇಲೂ ನಿಂತು, ಬೀಗದ ಕೈ ಬೀಗದೊಳಗೇ ಉಳಿಯುತ್ತದೆ. ‘ಡಾಟ್ ಇನ್’ ಕೊಳ್ಳುವಾಗ ಗುರುತಿನ ದಾಖಲೆ ಕೇಳಿದರೆ ಗಾಬರಿಯಾಗಬೇಡಿ. ಯಾರಾದರೂ ತಂತ್ರಜ್ಞರು ಕೆಲಸ ಮಾಡಬೇಕಾದರೆ ಅವರಿಗೆ ಡಿಎನ್‌ಎಸ್ ಬದಲಿಸುವ ಅನುಮತಿ ಮಾತ್ರ ಕೊಡುವ ವ್ಯವಸ್ಥೆ ಅನೇಕ ಕಡೆ ಇದೆ; ಇಲ್ಲದಿದ್ದರೆ ಎದುರಿಗೆ ಕೂರಿಸಿಕೊಂಡು ನೀವೇ ಪಾಸ್‌ವರ್ಡ್ ಹಾಕಿ. ಬೇಕೆಂದಾಗ ಡೊಮೈನನ್ನು ಇನ್ನೊಬ್ಬ ರಿಜಿಸ್ಟ್ರಾರ್‌ಗೆ ವರ್ಗಾಯಿಸುವ ಹಕ್ಕು ನಿಮಗಿದೆ. ಅದಕ್ಕೆ ಬೇಕಾದ ‘ಆಥ್ ಕೋಡ್’ ನಿಮ್ಮ ಖಾತೆಯಲ್ಲೇ ಸಿಗುತ್ತದೆ. ‘ಡಾಟ್ ಕಾಮ್’ ಆದರೆ ಕೊಂಡ ಮೊದಲ 60 ದಿನ ಮಾತ್ರ ವರ್ಗಾವಣೆ ಸಾಮಾನ್ಯವಾಗಿ ಆಗುವುದಿಲ್ಲ.

ಐದು ವರ್ಷ ಒಟ್ಟಿಗೆ ಕಟ್ಟಿ ಎಂದದ್ದು ನಮ್ಮ ಬ್ಯಾಂಕ್ ನಿಯಮಗಳಿಂದಾಗಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಪಾವತಿಗಳಿಗೆ ಮುಂಚಿತ ಸೂಚನೆ, ಗ್ರಾಹಕರ ಅನುಮೋದನೆ ಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಯಿತು. ಗ್ರಾಹಕರಿಗೆ ಅದು ಒಳ್ಳೆಯದೇ. ಆದರೆ ‘ಆಟೋ ರಿನ್ಯೂ’ ಒತ್ತಿ ಮರೆತವರ ನವೀಕರಣಗಳು, ಅದರಲ್ಲೂ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ, ಸದ್ದಿಲ್ಲದೆ ವಿಫಲವಾಗತೊಡಗಿದವು. ಅವಧಿ ಮುಗಿದೊಡನೆ ಹೆಸರು ಕೈತಪ್ಪುವುದಿಲ್ಲ. ‘ಡಾಟ್ ಕಾಮ್’ನಲ್ಲಿ ರಿಜಿಸ್ಟ್ರಾರ್‌ಗೆ ತಕ್ಕಂತೆ 45 ದಿನದವರೆಗೆ ಸಾಮಾನ್ಯ ದರಕ್ಕೆ ಉಳಿಸಿಕೊಳ್ಳಲು ಅವಕಾಶ ಸಿಗಬಹುದು. ಆಮೇಲಿನ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಕೊನೆಯ 5 ದಿನ ಏನೂ ಮಾಡಲಾಗದು; ಅದು ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು. ಸೈಟ್ ಮಾತ್ರ ಮೊದಲ ಹಂತದಲ್ಲೇ ನಿಂತಿರುತ್ತದೆ.

ಹೆಸರಿನ ಆಯ್ಕೆ ನಿಮಗೆ ಬಿಟ್ಟದ್ದು, ಒಂದೆರಡು ಮಾತು ಮಾತ್ರ ಹೇಳುತ್ತೇನೆ. ‘ಮಂಡ್ಯ’ ಮತ್ತು ‘ಬೆಲ್ಲ’ ಎರಡನ್ನೇ ಕೂಡಿಸಿದ ಹೆಸರು ಕೇಳಲು ಚೆನ್ನ, ಆದರೆ ನಾಳೆ ಪಕ್ಕದವರು ನಡುವೆ ಒಂದು ಗೀಟು ಹಾಕಿ ಅದನ್ನೇ ಕೊಂಡರೆ ತಡೆಯುವುದು ಕಷ್ಟ. ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂಥ ರಕ್ಷಣೆ ಸಿಗುತ್ತದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಊರಿನ ಹೆಸರು, ಸರಕಿನ ಹೆಸರಿನ ಮೇಲೆ ಮಾತ್ರ ಹಾಗೆ ಹಕ್ಕು ಸಾಧಿಸುವುದು ಸುಲಭವಲ್ಲ. ಮನೆತನದ್ದೋ, ತೋಟದ್ದೋ, ನಿಮಗಷ್ಟೇ ಸೇರಿದ ಒಂದು ಪದ ಅದರಲ್ಲಿರಲಿ. ಆರಿಸಿದ ಹೆಸರನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಬೆಂಗಳೂರಿನಲ್ಲಿರುವ ನಿಮ್ಮ ನಂಟರಿಂದ ಟೈಪ್ ಮಾಡಿಸಿ ನೋಡಿ. ದೀರ್ಘಕ್ಕೆ ಒಂದು ‘ಎ’ಯೋ ಎರಡೋ, ಒತ್ತಿಗೆ ‘ಎಲ್’ ಎಷ್ಟು ಎಂದು ಅವರು ಕೇಳಿದರೆ ಬೇರೆ ಹೆಸರು ಹುಡುಕಿ, ಇಲ್ಲವೇ ಎರಡೂ ಕಾಗುಣಿತ ಕೊಂಡು ಒಂದನ್ನು ಇನ್ನೊಂದಕ್ಕೆ ಕಳಿಸಿ. 2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಕಾಗುಣಿತ ಬದಲಾದ ಮೇಲೂ ಜನ ಎರಡೂ ರೀತಿಯಲ್ಲಿ ಹುಡುಕುತ್ತಾರೆ, ಅಲ್ಲಿನ ವ್ಯಾಪಾರಿಗಳಿಗೆ ಇದು ಗೊತ್ತು.

ಕನ್ನಡ ಲಿಪಿಯಲ್ಲೇ, ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರನ್ನೂ ಕೊಳ್ಳಬಹುದು. ಲೇಬಲ್ ಮೇಲೆ ನೋಡಲು ಸೊಗಸು. ಆದರೆ ಒಂದೇ ವಿಳಾಸವಾಗಿ ಅದನ್ನು ನೆಚ್ಚಬೇಡಿ. ಅನೇಕ ಅರ್ಜಿ ನಮೂನೆಗಳು, ಮೇಲ್ ಸೇವೆಗಳು ಅದನ್ನು ಇನ್ನೂ ಒಪ್ಪುವುದಿಲ್ಲ. ನಕಲು ಮಾಡಿ ಅಂಟಿಸಿದಾಗ ಕೆಲವು ಕಡೆ ಅದು ಎಕ್ಸ್, ಎನ್, ಎರಡು ಗೀಟು, ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಮಾರ್ಪಡುತ್ತದೆ. ಎರಡನೆಯ ಬಾಗಿಲಾಗಿ ಇರಲಿ, ಮೊದಲನೆಯದಾಗಿ ಬೇಡ. ಹಾಗೆಯೇ ಹಿಂದೆ ‘ಡಾಟ್ ಟಿಕೆ’ ಎಂದು ಉಚಿತವಾಗಿ ಹಂಚುತ್ತಿದ್ದ ಹೆಸರುಗಳ ಮಾತು ಯಾರಾದರೂ ಎತ್ತಿದರೆ ಕಿವಿಗೊಡಬೇಡಿ. 2023ರಲ್ಲಿ ಹೊಸ ನೋಂದಣಿಯೇ ನಿಂತುಹೋಯಿತು.

ಇಮೇಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಲೇಬಲ್ ಮುದ್ರಿಸುವವರು ಕೇಳುತ್ತಾರೆ. ಪೊಟ್ಟಣ ಕಟ್ಟಿದ ಸರಕಿನ ಮೇಲೆ ಗ್ರಾಹಕರ ದೂರಿಗಾಗಿ ಹೆಸರು, ವಿಳಾಸ, ದೂರವಾಣಿ, ಇಮೇಲ್ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಅಲ್ಲಿ ಮೈದುನನ ಜಿಮೇಲ್ ಹಾಕಿಸಿದರೆ ಅವನು ಊರು ಬಿಟ್ಟ ದಿನ ದೂರುಗಳೂ ಅವನ ಜೊತೆ ಹೋಗುತ್ತವೆ. ಕಂಪನಿಯ ಉಚಿತ ಸಬ್‌ಡೊಮೈನಿನಲ್ಲಿ ಸಾಮಾನ್ಯವಾಗಿ ಮೇಲ್ ವಿಳಾಸ ಸಿಗುವುದಿಲ್ಲ. ನಿಮ್ಮದೇ ಡೊಮೈನ್ ಇದ್ದರೆ ಅದರ ಹೆಸರಿನಲ್ಲಿ ಒಂದು ವಿಳಾಸ ಮಾಡಿ, ಸದ್ಯಕ್ಕೆ ಯಾರ ಜಿಮೇಲ್‌ಗೆ ಬೇಕೋ ಅವರಿಗೆ ಬರುವಂತೆ ಇಡಬಹುದು. ಆಮೇಲೆ ಯಾರು ನೋಡಿಕೊಂಡರೂ ಲೇಬಲ್ ಬದಲಾಗುವುದಿಲ್ಲ. ಮುಂದೆ ಆ ವಿಳಾಸದಿಂದಲೇ ಅಂಗಡಿಗಳಿಗೆ ದರಪಟ್ಟಿ ಕಳಿಸತೊಡಗಿದಾಗ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ಮೂರು ದಾಖಲೆಗಳನ್ನು ಡಿಎನ್‌ಎಸ್ ಪುಟದಲ್ಲಿ ಸೇರಿಸಿ. ಅವಿಲ್ಲದಿದ್ದರೆ ನಿಮ್ಮ ಪತ್ರಗಳು ಸ್ಪ್ಯಾಮ್ ಪೆಟ್ಟಿಗೆ ಸೇರುವ ಸಾಧ್ಯತೆ ಹೆಚ್ಚು.

ಲೇಬಲ್ ಮೇಲಿನ ಕ್ಯೂಆರ್ ಕೋಡ್ ಬಗ್ಗೆ ಹೇಳದಿದ್ದರೆ ಇಷ್ಟು ಬರೆದದ್ದೂ ವ್ಯರ್ಥವಾದೀತು. ಮುದ್ರಣದವರು ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಉಚಿತ ತಾಣದಿಂದ ಕೋಡ್ ಮಾಡಿಕೊಡುತ್ತಾರೆ. ಅವುಗಳಲ್ಲಿ ಅನೇಕವು ‘ಡೈನಾಮಿಕ್’ ಬಗೆಯವು: ಕೋಡಿನೊಳಗೆ ಅಡಗಿರುವುದು ನಿಮ್ಮ ವಿಳಾಸವಲ್ಲ, ಆ ತಾಣದ ಒಂದು ಚಿಕ್ಕ ಕೊಂಡಿ. ಪ್ರಾಯೋಗಿಕ ಅವಧಿ ಮುಗಿದ ಮೇಲೆ ಹಣ ಕಟ್ಟದಿದ್ದರೆ ಕೊಂಡಿ ಸಾಯುತ್ತದೆ, ಐದು ಸಾವಿರ ಲೇಬಲ್ ಮೇಲಿನ ಕೋಡೂ ಸಾಯುತ್ತದೆ. ಸಬ್‌ಡೊಮೈನ್ ಬೇಡವೆಂದು ಮುಂಬಾಗಿಲಲ್ಲಿ ಕಳಿಸಿದ್ದನ್ನು ಹಿತ್ತಿಲಿಂದ ಒಳಗೆ ಬಿಟ್ಟುಕೊಂಡಂತೆ. ‘ಸ್ಟ್ಯಾಟಿಕ್’ ಕೋಡ್ ಬೇಕೆಂದು ಹೇಳಿ. ಅದರೊಳಗೆ ನಿಮ್ಮ ಡೊಮೈನ್, ಒಂದು ಓರೆಗೆರೆ, ‘ಬಿ1’ ಎಂಬಂಥ ಪುಟ್ಟ ಗುರುತು, ಇಷ್ಟೇ ಇರಲಿ. ಆ ಗುರುತು ಎಲ್ಲಿಗೆ ಹೋಗಬೇಕೆಂಬುದನ್ನು ಫಾರ್ವರ್ಡಿಂಗ್ ಪುಟದಲ್ಲಿ ನೀವೇ ಬದಲಿಸಬಹುದು: ಈ ವರ್ಷ ಬೆಲೆಪಟ್ಟಿಗೆ, ಬರುವ ವರ್ಷ ಗಾಣದಿಂದ ಅಚ್ಚಿನವರೆಗಿನ ವಿಡಿಯೊಗೆ. ನಿಮ್ಮ ರಿಜಿಸ್ಟ್ರಾರ್‌ನಲ್ಲಿ ಹಾಗೆ ಪುಟವಾರು ಕಳಿಸುವ ಸೌಲಭ್ಯ ಇಲ್ಲದಿದ್ದರೆ ಬರಿಯ ಡೊಮೈನ್ ಹೆಸರನ್ನೇ ಕೋಡಿಗೆ ಹಾಕಿ. ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ಕರಡು ಪ್ರತಿಯನ್ನು ಮೊಬೈಲಿಗೆ ಹಿಡಿದು, ಪರದೆಯ ಮೇಲೆ ಮೊದಲು ಮೂಡುವ ವಿಳಾಸ ಯಾರದೆಂದು ಓದಿ. ನಿಮ್ಮದಲ್ಲದಿದ್ದರೆ ಹಿಂದಕ್ಕೆ ಕೊಡಿ.

ಈಗಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಹಂಚಿರುವ ಹಳೆಯ ಉಚಿತ ವಿಳಾಸವನ್ನು ಕಿತ್ತುಹಾಕಬೇಡಿ. ಮುಂದೆ ನಿಮ್ಮ ಡೊಮೈನನ್ನು ನೇರವಾಗಿ ಜೋಡಿಸಿದಾಗ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಶಾಶ್ವತ 301 ಏರ್ಪಾಡು ಇದೆಯೇ ಎಂದು ಕಂಪನಿಯನ್ನು ಕೇಳಿ. ಎಷ್ಟೋ ಕಂಪನಿಗಳು ತಾವಾಗಿಯೇ ಇದನ್ನು ಮಾಡುತ್ತವೆ, ಕೆಲವು ಇದಕ್ಕೂ ಹಣ ಕೇಳುತ್ತವೆ. ಕನಿಷ್ಠ ಒಂದು ವರ್ಷ ಅದು ಇರಬೇಕೆಂಬುದು ಗೂಗಲ್‌ನ ಸಲಹೆ, ಅಷ್ಟರಲ್ಲಿ ಹುಡುಕಾಟದ ಫಲಿತಾಂಶಗಳೂ ಹೊಸ ಹೆಸರಿಗೆ ಹೊಂದಿಕೊಳ್ಳುತ್ತವೆ. ಹೊಸ ವಿಳಾಸವನ್ನು ವಾಟ್ಸ್‌ಆ್ಯಪ್ ಬಿಸಿನೆಸ್ ಪ್ರೊಫೈಲಿನಲ್ಲೂ ಗೂಗಲ್ ಮ್ಯಾಪ್‌ನ ನಿಮ್ಮ ಗುರುತಿನಲ್ಲೂ ಅಂದೇ ಬದಲಿಸಿ. ಆ ಇಪ್ಪತ್ತೈದು ಸಾವಿರದ ಸ್ವಂತ ವೆಬ್‌ಸೈಟಿನ ಮಾತನ್ನು, ಕಂಪನಿಯ ಅಂಗಡಿಯಲ್ಲಿ ನಿಮಗೆ ಬೇಕಾದ ಯಾವುದೋ ಒಂದು ಕೆಲಸ ಆಗುವುದೇ ಇಲ್ಲ ಎಂದು ಕಂಡ ದಿನ ಮತ್ತೆ ಎತ್ತಿಕೊಳ್ಳಿ. ಆಗ ಮೈಸೂರಿನವರಿಗೆ ಕೊಡುವ ಮೊದಲ ಷರತ್ತು, ಡೊಮೈನ್ ಖಾತೆ ನಿಮ್ಮ ಕೈಯಲ್ಲೇ ಇರುತ್ತದೆ ಎಂಬುದು.